ಕ್ಯಾಸೆಟ್ಟಿನೊಳಗಿನ ಕೆಮ್ಮು

ದೇಹ ಮಣ್ಣಾದರೂ ಮನುಷ್ಯನ ಧ್ವನಿ ಈ ಲೋಕವನ್ನು ಬಿಟ್ಟು ಹೋಗುವುದಿಲ್ಲ, ಅದು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ನಮ್ಮ ಚಳ್ಳಕೆರೆಯ ಧೂಳಿನಲ್ಲಾದರೆ, ಕ್ಯಾಸೆಟ್ಟನ್ನು ಡಬ್ಬಿಯೊಳಗೆ ಇಡದಿದ್ದರೆ, ಆರು ತಿಂಗಳೂ ಉಳಿಯುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ನಮ್ಮ ಎಣ್ಣೆ ಮಿಲ್ಲಿನ ಮೋಟಾರುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಗೆಳೆಯ ಒಂದು ಕ್ಯಾಸೆಟ್ ತಂದುಕೊಟ್ಟ. ದುಬೈಯಲ್ಲಿದ್ದ ಅವನ ಭಾವಮೈದುನ ತಂದದ್ದಂತೆ. ಹೊದಿಕೆಯ ಮೇಲೆ ಹ್ಯಾಟು ಹಾಕಿದ ಮುದುಕನೊಬ್ಬ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆ ಮನೆಯಲ್ಲಿ ಎಲೆ ಹಾಕುವುದನ್ನೇ ಕಾಯುತ್ತಿರುವವನಂತೆ ಕೂತಿದ್ದ. ಬ್ಲೂಸ್ ಎಂಬ ನೋವಿನ ಹಾಡುಗಳನ್ನು ಹಾಡುವ ಅಮೆರಿಕದವನು. ಐವತ್ತು ವರ್ಷ ಹಾಡಿದವನ ಅತಿ ಜನಪ್ರಿಯ ಹಾಡುಗಳೆಲ್ಲ ಒಂದೇ ಕಡೆ.

"ನಮ್ಮನೇಲಿ ಯಾರಿಗೂ ಬ್ಯಾಡಂತೆ. ನಿಂಗೆ ಇಂಥವೇ ಅಲ್ವೇನಲೇ ಬೇಕಾಗಿರೋದು?" ಎಂದ. ನನ್ನ ಅಭಿರುಚಿಗೆ ಊರಿನಲ್ಲಿ ದೊರೆತ ಏಕೈಕ ಪುರಸ್ಕಾರ ಅದು.

ಇಂಥ ಸಂಗ್ರಹಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿರಲಿಲ್ಲ. ನಮ್ಮಲ್ಲಿ ಆಯ್ದ ಬರಹಗಳ ಸಂಪುಟ ಬರುವುದು, ಲೇಖಕ ಇನ್ನೇನೂ ಬರೆಯಲಾರನೆಂದು ಎಲ್ಲರಿಗೂ ಖಾತ್ರಿಯಾದ ಮೇಲೆ. ಆದರೆ ಇದರಲ್ಲಿ ಹಾಡುಗಳನ್ನು ಹಾಡಿದ ಕಾಲದ ಕ್ರಮದಲ್ಲೇ ಜೋಡಿಸಿದ್ದರು. ಮೊದಲನೆಯದರಲ್ಲಿ ಅವನಿಗೆ ಇಪ್ಪತ್ತರ ಆಸುಪಾಸು, ಯಾರಿಗೋ ಜವಾಬು ಕೊಡುವವನ ಹಾಗೆ ಹಾಡುತ್ತಾನೆ. ಕ್ಯಾಸೆಟ್ ತಿರುಗಿಸಿ ಹಾಕುವ ಹೊತ್ತಿಗೆ ದನಿ ಒಡೆದಿರುತ್ತದೆ. ಕೊನೆಗೆ ಬರುವಷ್ಟರಲ್ಲಿ ಹಲ್ಲುಗಳೂ ಕಡಿಮೆಯಾಗಿವೆ ಎಂದು ಕೇಳಿಯೇ ಹೇಳಬಹುದಿತ್ತು. ಒಂದು ಗಂಟೆಯೊಳಗೆ ಒಬ್ಬ ಮನುಷ್ಯ ನಮ್ಮ ಪಡಸಾಲೆಯಲ್ಲಿ ಮುದುಕನಾಗುತ್ತಿದ್ದ. ಕ್ಯಾಸೆಟ್ ತಿರುಗಿಸಿದರೆ ಮತ್ತೆ ಹುಡುಗ. ಪದಗಳು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ದುಃಖವೇನೋ ಇತ್ತು, ಅಳು ಇರಲಿಲ್ಲ. ಅತ್ತು ಮುಗಿಸಿ, ಮುಖ ತೊಳೆದುಕೊಂಡು ಬಂದವನ ಹಾಡು.

ಕೊನೆಯ ಹಾಡನ್ನು ಜನರ ಎದುರು ಹಾಡುವಾಗ ರೆಕಾರ್ಡ್ ಮಾಡಿದ್ದರು. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ಮುದುಕ ಗಟ್ಟಿಯಾಗಿ ಕೆಮ್ಮುತ್ತಾನೆ. ತುಸು ತಡೆದು, ಸಣ್ಣಗೆ ಗಂಟಲು ಸರಿಮಾಡಿಕೊಳ್ಳುತ್ತಾನೆ. ನಂತರ ಗಿಟಾರು.

ನಾನದನ್ನು ಮೊದಲ ಸಲ ಹಾಕಿದ್ದು ದೀಪ ಹಚ್ಚುವ ಹೊತ್ತಿನಲ್ಲಿ. ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೆಮ್ಮು ಬಂತು. ಅವ್ವ ಮೊರ ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು ಎದ್ದು ನಿಂತಳು. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಪಾತ್ರೆ ಸದ್ದು ನಿಂತಿತು. ನಾನು ಕಾಲ ಮೇಲೆ ಹಾಕಿಕೊಂಡಿದ್ದ ಕಾಲನ್ನು ಇಳಿಸಿದೆ.

ನಮ್ಮಂಥ ಮನೆಗಳಲ್ಲಿ ಯಜಮಾನರು ಹೊರಗಿನಿಂದ ಬರುವಾಗ ಬಾಗಿಲಲ್ಲಿ ಕೆಮ್ಮಿಯೇ ಒಳಗೆ ಬರಬೇಕು. ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ, ಸೊಸೆ ಒಳಗೆ ಸರಿಯಲಿ, ಮಗ ಏನೋ ಕೆಲಸದಲ್ಲಿದ್ದಾನೆಂದು ಕಾಣಿಸಲಿ ಎಂದು ಕೊಡುವ ಕಾಲಾವಕಾಶ ಅದು. ಅಪ್ಪ ಬಾಳೆಲ್ಲ ಹೀಗೇ ಬಂದದ್ದು: ಮೆಟ್ಟಿಲ ಹತ್ತಿರ ಗಟ್ಟಿಯಾಗಿ, ಚಪ್ಪಲಿ ಬಿಡುವಾಗ ಸಣ್ಣಗೆ. ಮಿಲ್ಲಿನ ಶೇಂಗಾ ಹೊಟ್ಟಿನ ಧೂಳು ಆ ಕೆಮ್ಮಿಗೆ ಒಂದು ಘನತೆಯನ್ನೂ ತಂದಿತ್ತು. ಅಪ್ಪನ ಧ್ವನಿಯನ್ನು ನಾವು ಯಾರೂ ಎಂದೂ ರೆಕಾರ್ಡ್ ಮಾಡಿರಲಿಲ್ಲ. ಆ ಕೆಲಸವನ್ನು ಅಮೆರಿಕದವರು ಮಾಡಿಟ್ಟಿದ್ದರು.

ಅವ್ವ ಮತ್ತೆ ಕೂತು ಮೊರ ಎತ್ತಿಕೊಂಡಳು. ಮರುದಿನ ದೀಪ ಹಚ್ಚಿ ಬಂದು, ಅದನ್ನು ಹಾಕು ಎಂದಳು. ನಾನು ಹಾಡು ಹಾಕಿದೆ.

"ಹಾಡಲ್ಲ. ಅದಕ್ಕಿಂತ ಮುಂಚಿಂದು."

ಅಲ್ಲಿಂದ ಮುಂದೆ ಅದೇ ದಿನಚರಿಯಾಯಿತು. ಸಂಜೆ ಕೆಮ್ಮು ಕೇಳಿಸಿದೊಡನೆ ಅವ್ವ ಎದ್ದು ನಿಲ್ಲುವಳು, ಅಪ್ಪನ ಬೆತ್ತದ ಕುರ್ಚಿಯ ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟು ಒಳಗೆ ಹೋಗುವಳು. ಗಿಟಾರಿಗೂ ಅವಳಿಗೂ ಸಂಬಂಧವಿರಲಿಲ್ಲ. ಬೆಳಗ್ಗೆ ಆ ನೀರನ್ನು ದಾಸವಾಳದ ಗಿಡಕ್ಕೆ ಹಾಕುತ್ತಿದ್ದವಳು ನನ್ನ ಹೆಂಡತಿ. ಹಾಕುವ ಮುಂಚೆ ಚೊಂಬಿನೊಳಗೆ ಒಮ್ಮೆ ಇಣುಕಿ ನೋಡುತ್ತಿದ್ದಳು.

ಒಂದೇ ಜಾಗವನ್ನು ಹಿಂದೆ ಮುಂದೆ ತಿರುಗಿಸಿದರೆ ಯಾವ ಟೇಪು ತಡೆದೀತು? ಕೆಮ್ಮು ಬರಬರುತ್ತಾ ದಪ್ಪವಾಯಿತು, ಎಳೆಯಿತು, ಎದೆಯಲ್ಲಿ ಕಫ ಕಟ್ಟಿದವರ ಹಾಗಾಯಿತು. ಟೇಪು ಹಿಗ್ಗಿದೆ ಎಂದು ನನಗೆ ಗೊತ್ತಾಯಿತು. ಅವ್ವ ನೀರಿನ ಜೊತೆ ಜೀರಿಗೆ ಕಷಾಯವನ್ನೂ ಇಡತೊಡಗಿದಳು.

ಮೆಕ್ಯಾನಿಕ್ ಗೆಳೆಯನನ್ನು ಕರೆಸಿದೆ. ಅವನು ಕ್ಯಾಸೆಟ್ ಬಿಚ್ಚಿ ನೋಡಿದ, ಡಾಕ್ಟರುಗಳ ಹಾಗೆ ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋದ. "ಆ ಜಾಗದಾಗೇ ಸವೆದೈತೆ. ಜಾಸ್ತಿ ದಿನ ಇರಲ್ಲ," ಎಂದ. ಬೇಗ ಇನ್ನೊಂದಕ್ಕೆ ಕಾಪಿ ತೆಗೆಸಿಕೊಂಡರೆ ಬಚಾವ್ ಎಂದೂ ಸೇರಿಸಿದ. ಹೋಗುವಾಗ ಅವ್ವನ ಕಡೆ ತಿರುಗಿ, ಏನಾಗಲ್ಲ ಅಮ್ಮಾ ಎಂದು ಸಮಾಧಾನ ಹೇಳಿದ.

ಅದೇ ವಾರ ಮೊಳಕಾಲ್ಮುರಿನಿಂದ ಅವ್ವನ ತಮ್ಮ, ನನ್ನ ಸೋದರಮಾವ, ಬಂದಿದ್ದರು. ರೇಷ್ಮೆ ಸೀರೆ ವ್ಯಾಪಾರಿ. ತಮ್ಮೂರಿನ ರೆಕಾರ್ಡಿಂಗ್ ಅಂಗಡಿಯವನು ಈ ಕೆಲಸದಲ್ಲಿ ಬಹಳ ನಾಜೂಕು ಎಂದು ಹೇಳಿ ಕ್ಯಾಸೆಟ್ ಒಯ್ದರು. ಕಾಪಿ ಯಾತಕ್ಕೆಂದು ನಾವು ಹೇಳಲಿಲ್ಲ. ನಿಮ್ಮ ಭಾವ ಅಮೆರಿಕದವನ ಕ್ಯಾಸೆಟ್ಟಿನಲ್ಲಿ ಕೆಮ್ಮುತ್ತಿದ್ದಾರೆ ಎಂದು ಒಬ್ಬ ಸೀರೆ ವ್ಯಾಪಾರಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಅವರು ತಿರುಗಿ ಬರುವ ತನಕ ಅವ್ವ ಪ್ರತಿ ಸಂಜೆ ಬಾಗಿಲ ಹತ್ತಿರವೇ ಕೂತಳು. ಊರಿಗೆ ಹೋದವರನ್ನು ಕಾಯುವ ಹಾಗೆ.

ಮಾವ ಬಂದವರೇ ಎರಡು ಕ್ಯಾಸೆಟ್ ನನ್ನ ಕೈಗಿಟ್ಟರು. "ಅಳಿಯಾ, ಅದು ಕಟ್ಟಾಗೋಗಿತ್ತು. ಸವೆದಿದ್ದನ್ನ ಕತ್ತರಿಸಿ, ಅಂಟಿಸಿ, ಕಾಪಿ ತೆಗ್ಸೀನಿ. ಆ ತಾತ ಕೆಮ್ಮೋದು, ಕುರ್ಚಿ ಎಳಿಯೋದು ಒಂದೂ ಇಲ್ಲ ಈಗ. ಭಲೇ ಬಾಗೈತೆ, ಕೇಳು."

ಕತ್ತರಿಸಿದ ತುಂಡು ಎಲ್ಲಿ ಎಂದು ಕೇಳಿದೆ. ಅದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ ಎಂದು ಅವರು ನಕ್ಕರು.

ಅವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಸಂಜೆ ಅವಳು ಚೊಂಬು ಹಿಡಿದು ಬಂದು ನಿಂತಳು. ನಾನು ಹೊಸ ಕ್ಯಾಸೆಟ್ ಹಾಕಿದೆ. ನೇರವಾಗಿ ಗಿಟಾರು ಶುರುವಾಯಿತು. ಆ ಹಾಡು ಎಷ್ಟು ಉದ್ದವೆಂದು ನನಗೆ ತಿಳಿದದ್ದು ಅಂದೇ. ಮುದುಕ ಹಾಡಿ ಮುಗಿಸಿದ, ಜನ ಚಪ್ಪಾಳೆ ತಟ್ಟಿದರು, ಟೇಪು ಖಟ್ಟೆಂದು ನಿಂತಿತು. ಅವ್ವ ನಿಂತೇ ಇದ್ದಳು.

"ಅವ್ವಾ, ಮಾವ ಅದನ್ನ..." ಎಂದು ಶುರು ಮಾಡಿದೆ.

ಅವಳು ಕೈಯೆತ್ತಿ ತಡೆದಳು. ಬಾಗಿಲ ಕಡೆ ನೋಡುತ್ತಿರಲಿಲ್ಲ, ಕುರ್ಚಿಯನ್ನು ನೋಡುತ್ತಿದ್ದಳು.

"ಮೆಲ್ಲಗೆ ಮಾತಾಡು," ಎಂದಳು. "ಬಂದು ಕೂತೋರು ಇನ್ಯಾಕೆ ಕೆಮ್ತಾರೆ?"

ಚೊಂಬನ್ನು ಕುರ್ಚಿಯ ಪಕ್ಕದಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಆ ಕ್ಯಾಸೆಟ್ಟನ್ನು ಹಾಕು ಎಂದು ಮತ್ತೆಂದೂ ಹೇಳಲಿಲ್ಲ. ನಾವು ಗಂಡ ಹೆಂಡತಿ ಪಡಸಾಲೆಯಲ್ಲಿ ದನಿ ತಗ್ಗಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಹಾಡುಗಳನ್ನು ಕೇಳಬೇಕೆನಿಸಿದಾಗ ನಾನು ಮಿಲ್ಲಿಗೆ ಹೋಗುತ್ತಿದ್ದೆ.

ಅವ್ವ ಹೋಗಿ ಬಹಳ ವರ್ಷಗಳಾದವು. ಬೆತ್ತದ ಕುರ್ಚಿ ಪಡಸಾಲೆಯಲ್ಲೇ ಇದೆ. ಅದರಲ್ಲಿ ಯಾರೂ ಕೂರುವುದಿಲ್ಲ.