ಗುಲಾಬಿ ಮಡಿಯಲ್ಲಿ ಚರಗ

ಬಂದ ಮೊದಲ ವಾರವೇ ನನ್ನ ಕತ್ತರಿಯನ್ನು ನೆಲ ನುಂಗಿತು. ಗಿಡ ಸವರುತ್ತಿದ್ದಾಗ ಕೈಜಾರಿ ಬಿರುಕಿನೊಳಗೆ ಬಿತ್ತು. ಮೊಣಕೈವರೆಗೆ ಕೈ ಇಳಿಸಿದರೂ ಸಿಗಲಿಲ್ಲ. ನಮ್ಮ ಮಂಡ್ಯದ ಕಡೆಯ ಕೆಮ್ಮಣ್ಣು ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ಸವದತ್ತಿಯ ಎರೆಮಣ್ಣು ಬೇಸಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಂದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಇಂಥದರ ಮೇಲೆ ಹುಲ್ಲುಹಾಸು ಬೆಳೆಸುವ ಮಾಲಿಯ ಕೆಲಸ ನನಗೆ ಸಿಕ್ಕಿತ್ತು.

ಎಪ್ಪತ್ತರ ದಶಕದ ಮಾತು. ಮಲಪ್ರಭೆಗೆ ಹೊಸದಾಗಿ ಅಣೆಕಟ್ಟು ಬಂದಿತ್ತು. ಜನ ವಿಹಾರಕ್ಕೆ ಬರಲೆಂದು ಹತ್ತಿರದಲ್ಲೊಂದು ಉದ್ಯಾನ, ಪಕ್ಕದ ಗುಡ್ಡದಲ್ಲಿ ಬೇಟೆಯಾಡಬಾರದೆಂಬ ಫಲಕ. ಆ ಗುಡ್ಡದ ನವಿಲುಗಳು ಬೆಳಗಾದರೆ ಇಳಿದು ಬಂದು ನಾನು ಬಿತ್ತಿದ ಬೀಜ ಹೆಕ್ಕುತ್ತಿದ್ದವು. ಕಲ್ಲು ಬೀಸುವಂತಿಲ್ಲ. ಚಪ್ಪಾಳೆ ತಟ್ಟಿದರೆ ಕುತ್ತಿಗೆ ಎತ್ತಿ, ನೀನ್ಯಾರು ಎನ್ನುವಂತೆ ನೋಡುತ್ತಿದ್ದವು.

ಊರೊಳಗೆ ಒಂದು ಖೋಲಿ ಹಿಡಿದಿದ್ದೆ. ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಮುದ್ದೆ ನುಂಗಿ ಬೆಳೆದವನಿಗೆ ಜೋಳದ ರೊಟ್ಟಿ ಅಗಿಯುವುದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು. ಮನೆಯೊಡತಿ “ಊಟ ಆತೇನ್ರಿ?” ಎಂದು ಕೇಳುವ ದನಿಗೂ ಮೊದಮೊದಲು ಬೆಚ್ಚುತ್ತಿದ್ದೆ. ಹೆದರುವುದು ನನ್ನ ಹುಟ್ಟುಗುಣ. ಆ ವರ್ಷವಂತೂ ಅದಕ್ಕೆ ಕಾರಣವೂ ಇತ್ತು. ಹೆಂಡತಿ ತುಂಬು ಬಸುರಿ, ಮಂಡ್ಯದ ತವರಿನಲ್ಲಿದ್ದಳು. ಕೆಲಸ ಕಾಯಂ ಆದವರಿಗೆ ಮಾತ್ರ ಇರಲು ಮನೆ. ಇಲಾಖೆಯ ಸಾಹೇಬರು ಬಂದು ಉದ್ಯಾನ ಮೆಚ್ಚಿದರೆ ಕೆಲಸ ಕಾಯಂ, ತಾಯಿ ಮಗುವನ್ನು ಕರೆಸಿಕೊಳ್ಳಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಗದದಲ್ಲೇ ಸಂಸಾರ.

ಅವರು ಬರುತ್ತೇನೆಂದ ದಿನ ಶೀಗಿ ಹುಣ್ಣಿಮೆ. ಬೆಳಗಿನಿಂದ ಗುಡಿಸಿದ ಜಾಗವನ್ನೇ ಮೂರು ಸಲ ಗುಡಿಸಿದೆ. ಆಗ ಒಬ್ಬ ಮುದುಕಿ, ಹಿಂದೆ ಬುಟ್ಟಿ ಹೊತ್ತ ಸೊಸೆ, ದಾರಿ ಬಿಟ್ಟು ನೇರ ಗುಲಾಬಿ ಮಡಿಗೆ ಬಂದರು. ಮುದುಕಿ ಚಪ್ಪಲಿ ಕಳಚಿ ಮಣ್ಣಿಗೆ ಕೈಮುಗಿದಳು.

“ಅಜ್ಜೀ, ಇಲ್ಲೆಲ್ಲ ಕೂತ್ಕೊಳ್ಳೋ ಹಾಗಿಲ್ಲ,” ಎಂದೆ.

“ಕುಂದ್ರಾಕ ಬಂದಿಲ್ಲೋ ತಮ್ಮಾ. ಚರಗಾ ಚೆಲ್ಲಾಕ ಬಂದೇನಿ. ಇದು ನಮ್ಮ ಹೊಲ.”

ಅವಳ ಹೆಸರು ಗಂಗವ್ವ. ಉದ್ಯಾನಕ್ಕೆ ಹೋದ ಜಮೀನು ಅವಳದಾಗಿತ್ತು. ಮನೆಮಂದಿ ಈಗ ಬೈಲಹೊಂಗಲದಲ್ಲಿದ್ದರು. ಬೆಳಗಿನ ಬಸ್ಸಿಗೆ ಬಂದಿದ್ದಳು. ಶೀಗಿ ಹುಣ್ಣಿಮೆಗೆ ಇಲ್ಲಿಯವರು ಭೂಮಿಯನ್ನು ಬಸುರಿಯೆಂದು ಕಂಡು ಬಯಕೆಯ ಊಟ ಹಾಕುತ್ತಾರೆ. ಆ ಅಡುಗೆಯನ್ನು ಬೆಳೆಯ ಮೇಲೆ ಎರಚುವುದೇ ಚರಗ.

“ಈಗ ಸರ್ಕಾರದ ಜಾಗ ಅಜ್ಜಿ. ಸಾಹೇಬ್ರು ಬರ್ತಾರೆ. ಬೇಲಿ ಆಚೆ ಚೆಲ್ಲಿ.”

“ಆಚೀದು ಮಂದಿ ಹೊಲ. ಅವರು ಚೆಲ್ತಾರ. ನಮ್ಮಾಕಿಗೆ ಯಾರು ಉಣಸ್ತಾರ?”

“ಬೆಳೆನೇ ಇಲ್ವಲ್ಲ ಇಲ್ಲಿ.”

ಅವಳು ಒಂದು ಗುಲಾಬಿ ಗಿಡ ಮುಟ್ಟಿ, “ಇದೇನು ಮತ್ತ? ನೀ ಬೆಳದದ್ದು ಬೆಳಿ ಅಲ್ಲೇನು?” ಎಂದಳು.

ಅಲ್ಲಿಯವರೆಗೆ ಅವನ್ನು ಬೆಳೆ ಎಂದವರಿರಲಿಲ್ಲ. ಊರವರಿಗೆ ಅದು ಸರ್ಕಾರದ ಷೋಕಿ. ನಾನು ಬೇಲಿಯ ಮಾತು ಬಿಟ್ಟೆ. ಚರಗದ ಹಿಂದೆ ನೀರು ಚಿಮುಕಿಸಲು ಒಬ್ಬರು ಬೇಕಂತೆ. ಸೊಸೆ ಬುಟ್ಟಿ ಹಿಡಿದಿದ್ದಳು, ನನ್ನ ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಝಾರಿ ಇತ್ತು. ಗಂಗವ್ವ ಕಡುಬು, ಪಲ್ಯ, ಅನ್ನ ಎರಚುತ್ತ ನಡೆದಳು, ನಾನು ಹಿಂದೆ ನಡೆದೆ. ನವಿಲುಗಳು ಆಗಲೇ ಇಳಿದಿದ್ದವು. ಅರ್ಧ ಮಡಿ ಉಳಿದಿರುವಾಗ ಜೀಪಿನ ಸದ್ದಾಯಿತು. ಆದರೂ ಝಾರಿ ಇಳಿಸಲಿಲ್ಲ.

ಸಾಹೇಬರು ಮಡಿಯಲ್ಲಿ ಚೆಲ್ಲಿದ ಅನ್ನವನ್ನು ನೋಡಿದರು, ನನ್ನನ್ನು ನೋಡಿದರು. “ಯಾರಿವರು?”

“ಹೊಲದೋರು ಸಾರ್.”

“ಯಾವ ಹೊಲ?”

ನಾನು ಝಾರಿಯಿಂದಲೇ ಗುಲಾಬಿ ಮಡಿ ತೋರಿಸಿದೆ. ಅವರು ಬೈಯಲಿಲ್ಲ. “ನಿಮ್ಮದು ಮುಂದಿನ ವರ್ಷ ನೋಡೋಣ,” ಎಂದು ಜೀಪು ಹತ್ತಿದರು.

“ಯಾಕ ತಮ್ಮಾ, ಮಾರಿ ಸಣ್ಣದಾತಲ್ಲ?” ಎಂದು ಗಂಗವ್ವ ನನ್ನ ಮುಖ ನೋಡಿ ಕೇಳಿದಳು. ಹೆಂಡತಿಯ ಬಸುರು, ಸಿಗದೆ ಹೋದ ಮನೆ, ಎಲ್ಲ ಹೇಳಿಬಿಟ್ಟೆ. ಅವಳು ಬುಟ್ಟಿಯಲ್ಲಿ ಉಳಿದಿದ್ದ ಕಡುಬನ್ನು ನನ್ನ ಅಂಗೈಯಲ್ಲಿಟ್ಟು, “ಇದು ಆಕಿ ಪಾಲು. ನೀ ಉಣ್ಣು, ಆಕಿಗೆ ಮುಟ್ಟತೈತಿ,” ಎಂದಳು.

ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಇಲ್ಲಿಯ ಬಸುರಿಗೆ ನೀರು ಚಿಮುಕಿಸಲು ಹೋಗಿ ನನ್ನ ಬಸುರಿಯನ್ನು ತವರಲ್ಲೇ ಬಿಟ್ಟುಬಿಟ್ಟಿದ್ದೆ. ತಂದೆತಾಯಿ ಇರುವವರು ದಕ್ಷಿಣಕ್ಕೆ ಮುಖ ಮಾಡಿ ಉಣ್ಣಬಾರದು ಎನ್ನುತ್ತಾರೆ. ನನ್ನವರೆಲ್ಲ ಆ ದಿಕ್ಕಿನಲ್ಲೇ ಇದ್ದರು. ಅತ್ತಲೇ ತಿರುಗಿ, ಗಂಗವ್ವನ ಹೊಲದಲ್ಲಿ ಕಾಲು ಚಾಚಿ ಕೂತು, ಒಂದು ಚೂರೂ ಬಿಡದೆ ಉಂಡೆ.