ಹೂವಿನ ದೊಡ್ಡಮ್ಮನ ಫ್ರೆಂಚ್

ಬಾಳೆನಾರು ಬಿಗಿದು ಬಿಗಿದು ಹೂವಿನ ದೊಡ್ಡಮ್ಮನ ತೋರುಬೆರಳಲ್ಲಿ ಆಳವಾದ ಗೆರೆ ಬಿದ್ದಿತ್ತು. ನಂಜನಗೂಡಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕಾಲೇಜಿನಲ್ಲಿ ಅಂಕ ಸುಲಭವಾಗಿ ಸಿಗುತ್ತದೆಂದು ನಾನು ಫ್ರೆಂಚ್ ತೆಗೆದುಕೊಂಡಿದ್ದೆ. ಅರವತ್ತು ದಾಟಿದ ಮೇಲೆ ಅವರು ನನ್ನಿಂದ ಅದನ್ನು ಕಲಿತರು, ನನಗಿಂತ ಶ್ರದ್ಧೆಯಿಂದ.

ಗಂಡ ಸತ್ತ ವರ್ಷ ಮೂಗೂರಿನಲ್ಲಿ ಕೂಲಿ ಸಿಗದೆ, ಎದೆಯಲ್ಲಿ ಹಾಲೂ ಇಲ್ಲದೆ, ಕೈಗೂಸನ್ನು ಮೈಸೂರಿನ ಅನಾಥಾಲಯಕ್ಕೆ ಕೊಟ್ಟು ಬಂದಿದ್ದರಂತೆ. ಆ ಮಗು ಫ್ರಾನ್ಸಿನ ದಂಪತಿಯ ಮಗಳಾಗಿ ಬೆಳೆದು, ಈಗ ಹೆತ್ತವಳನ್ನು ಪತ್ತೆಮಾಡಿ, ವಿಡಿಯೊ ಕಾಲ್ ಮಾಡುತ್ತೇನೆಂದು ಬರೆದಿದ್ದಳು.

ಮೊದಲು ನಮಸ್ಕಾರಕ್ಕೆ ‘ಬೋಂಜೂರ್’ ಹೇಳಿಕೊಡಲು ಹೋಗಿ ಬೈಸಿಕೊಂಡೆ. “ಮಗೀನ ಮೊದ್ಲು ಉಂಡ್ಯಾ ಅಂತ ಕೇಳ್ದೆ ಇನ್ನೇನವ್ವ ಕೇಳಾದು? ಅದ್ನ ಯೋಳ್ಕೊಡು.” ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕನ್ನಡದಲ್ಲೇ ಬರೆದುಕೊಟ್ಟೆ: ತ್ಯು ಆ ಮಾಂಜೆ? ಒಂದು ಮೊಳ ಹೂವಿಗೆ ಒಂದು ಮಾತು. ಮೊಳ ಮುಗಿಯುವವರೆಗೂ ಗಂಟಿಗೊಮ್ಮೆ ಅದನ್ನೇ ಹೇಳುವರು. ಹಾಗೇ ‘ಮಾ ಫಿಯ್’ ಬಂತು, ನನ್ನ ಮಗಳೇ. ‘ಬಿಯಾಂ’ ಬಂತು, ಚೆನ್ನಾಗಿದ್ದೀನಿ.

ಕಾಲ್ ಬಂತು. ನನ್ನ ಫೋನಿನಲ್ಲಿ ದೊಡ್ಡಮ್ಮನದೇ ಮೂಗು, ದೊಡ್ಡಮ್ಮನದೇ ಹಣೆ.

“ತ್ಯು ಆ ಮಾಂಜೆ, ಮಾ ಫಿಯ್?”

ಮಗಳು ಗಳಗಳನೆ ಅತ್ತಳು. ಆಮೇಲೆ ಕೇಳಿದಳು, ನನ್ನನ್ನು ಏಕೆ ಕೊಟ್ಟುಬಿಟ್ಟೆ? ಪೂರ್ಕ್ವಾ? ಏಕೆ ಎನ್ನುವ ಆ ಮಾತನ್ನು ನಾನು ಕಲಿಸಿರಲಿಲ್ಲ.

“ಏನಂತದವ್ವ?” ದೊಡ್ಡಮ್ಮ ನನ್ನ ಮುಖ ನೋಡಿದರು. ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬೆಳಿಗ್ಗೆಯಿಂದ ಕಾದು ಕೂತಿದ್ದರು.

“ಚೆನ್ನಾಗಿದ್ದೀಯಾ ಅಂತ ಕೇಳ್ತಾವ್ಳೆ ದೊಡ್ಡಮ್ಮ.”

ಅವರು ಬಾಯ್ತುಂಬ ನಕ್ಕು, “ಬಿಯಾಂ, ಬಿಯಾಂ” ಎಂದರು.

ಫೋನು ಕಟ್ಟಾಯಿತು. ಏಕೆ ಬಿಟ್ಟೆ ಎಂದು ಅಳುತ್ತ ಕೇಳಿದ್ದಕ್ಕೆ ಹೆತ್ತವಳು ನಗುತ್ತ ‘ಚೆನ್ನಾಗಿದ್ದೀನಿ’ ಎಂದರೆ ಯಾವ ಮಗಳು ತಡೆದಾಳು? ತಪ್ಪು ನನ್ನದೆಂದು ಎಷ್ಟು ಸಲ ಬರೆದರೂ ಅವಳಿಂದ ಉತ್ತರವಿಲ್ಲ.

“ನೆಟ್ಟು ಓಯ್ತೇನೋ, ಮತ್ತೆ ಮಾಡ್ತದೆ ಬುಡು” ಎಂದು ದೊಡ್ಡಮ್ಮ ಎರಡು ವರ್ಷ ಕಾದರು. ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ, ನಾನು ಹೇಡಿ. ಮಗಳ ಬಾಯಿಂದ ಬಂದ ಮಾತೆಂದು ‘ಪೂರ್ಕ್ವಾ’ವನ್ನೂ ಗಂಟಿಗೊಮ್ಮೆ ಹೇಳಿಕೊಳ್ಳುತ್ತಿದ್ದರು.

ಕೊನೆಯ ದಿನ ಆಸ್ಪತ್ರೆಯಲ್ಲಿ, ಆ ಗೆರೆ ಬಿದ್ದ ಬೆರಳಿನ ಕೈಯಿಂದ ನನ್ನ ಕೈ ಹಿಡಿದು, ನಾನು ಚೆನ್ನಾಗಿದ್ದೇನೆಯೇ ಎಂದು ತಮ್ಮ ಫ್ರೆಂಚಿನಲ್ಲಿ ವಿಚಾರಿಸಿದರು.

“ಪೂರ್ಕ್ವಾ?”

“ಬಿಯಾಂ, ದೊಡ್ಡಮ್ಮ” ಎಂದೆ.