ಸವಕಳಿ ಸಾರ್ ಲ್ಯಾಪ್‌ಟಾಪ್ ಮಾರಿದ್ದು

ಗುದ್ದಿಸಿಕೊಂಡ ಕಾರು ಗ್ಯಾರೇಜಿಗೆ ಬಂದು ನಿಂತರೆ ವಿಮಾ ಕಂಪನಿಯವರು ಅದರ ಗಾಯ ನೋಡಿ ಬರಲು ಸರ್ವೇಯರ್ ಎಂದು ಒಬ್ಬರನ್ನು ಕಳಿಸುತ್ತಾರೆ. ಆ ಒಬ್ಬರೇ ನಮ್ಮ ಸವಕಳಿ ಸಾರ್. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಕ್ಷೇಮವಾಗಿದೆ. ಗ್ಯಾರೇಜಿನವರು ಇಟ್ಟದ್ದು ಊರೆಲ್ಲ ಓಡಾಡುತ್ತದೆ. ಬಂಪರ್ ಒಡೆಯಿತೆಂದು ಮಾಲೀಕ ಗೋಳಾಡುತ್ತಿದ್ದರೆ ಇವರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಮಂಡಿಯೂರಿ, ಒಡಕಿನೊಳಗೆ ಬೆಳಕು ಬಿಟ್ಟು, "ಪ್ಲಾಸ್ಟಿಕ್. ಅರ್ಧ ಸವಕಳಿ," ಎಂದು ಪರಿಹಾರದಲ್ಲಿ ಅರ್ಧ ಕಡಿಯುತ್ತಾರೆ. ಟೈರು? "ರಬ್ಬರ್. ಅದೂ ಅರ್ಧ." ಬಳಸಿದ ಮೇಲೆ ಸವೆಯದ ವಸ್ತು ಲೋಕದಲ್ಲಿಲ್ಲ ಎಂಬುದು ಅವರ ವೇದಾಂತ. ಈ ವೇದಾಂತಕ್ಕೆ ಕಂಪನಿ ಸಂಬಳ ಕೊಡುವುದಿಲ್ಲ. ವರದಿಗೆ ಇಷ್ಟು ಎಂದು ಕೊಡುತ್ತದೆ.

ಮನೆಯಲ್ಲೂ ಕಣ್ಣಿಗೆ ರಜೆಯಿರಲಿಲ್ಲ. ನೆಂಟರು ಹೊಸ ಸೋಫಾ ತೋರಿಸಿದರೆ ಸಾರ್ ಕೂರುವ ಮೊದಲು ಬಗ್ಗಿ ಅದರ ಕಾಲು ನೋಡುತ್ತಿದ್ದರು. ಹೊಸ ಬಟ್ಟೆ ಹಾಕಿದ ದಿನ ಹೆಂಡತಿ ಅವರೆದುರು ಬೆಳಕಿಗೆ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಕಂಪನಿಯಿಂದ ಸಂದೇಶ ಬಂತು. ಮುಂದಿನ ತಿಂಗಳಿಂದ ವರದಿಗಳೆಲ್ಲ ಹೊಸ ಸಾಫ್ಟ್‌ವೇರಿನಲ್ಲೇ ಬರಬೇಕು. ಆಗದವರಿಗೆ ಕೆಲಸ ಕೊಡಲಾಗುವುದಿಲ್ಲ. ಸಾರ್ ತಮ್ಮ ಏಳು ವರ್ಷದ ಲ್ಯಾಪ್‌ಟಾಪಿಗೆ ಅದನ್ನು ಹಾಕಲು ಹೋದರು. ಲ್ಯಾಪ್‌ಟಾಪು ಒಮ್ಮೆ ಬುಸುಗುಟ್ಟಿ, ಮೈ ಬಿಸಿ ಮಾಡಿಕೊಂಡು, ಕಣ್ಣು ಮುಚ್ಚಿತು. ಮತ್ತೆ ಹಚ್ಚಿದರೆ ಹಳೆಯ ಕೆಲಸಕ್ಕೆಲ್ಲ ಸರಿ, ಹೊಸ ಸಾಫ್ಟ್‌ವೇರಿಗೆ ಮಾತ್ರ ಒಲ್ಲೆ ಎಂದಿತು. ಹೊಸದು ತರಲೇಬೇಕು. ಕೈಯಲ್ಲಿದ್ದುದಕ್ಕೆ ಇನ್ನೂ ಇಪ್ಪತ್ತು ಸಾವಿರ ಸೇರಬೇಕು.

ಹೆಂಡತಿಗೆ ಸ್ವಂತ ಟೈಲರಿಂಗ್ ಅಂಗಡಿಯಿತ್ತು. ಗಂಡ ಬಾಯಿ ತೆರೆಯುವ ಮೊದಲೇ, "ನನ್ನ ಹೊಸ ಮೆಷಿನ್ ದುಡ್ಡಿನ ಮೇಲೆ ಕಣ್ಣು ಹಾಕಬೇಡಿ. ಹಳೇದನ್ನ ಮಾರಿ, ಬಂದಿದ್ದನ್ನ ಸೇರಿಸಿ ತಗೊಳ್ಳಿ," ಎಂದುಬಿಟ್ಟರು.

ಸರಿ, ಬೆಲೆ ಕಟ್ಟಬೇಕು. ಬೆಲೆ ಕಟ್ಟುವುದರಲ್ಲಿ ಇವರನ್ನು ಮೀರಿಸುವವರುಂಟೆ? ಆದರೆ ಸ್ವಂತ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡ ಕೂಡಲೇ ವೇದಾಂತ ಹಿತ್ತಲ ಬಾಗಿಲಿನಿಂದ ಜಾರಿಕೊಂಡಿತು. ಏಳು ವರ್ಷ ಹಳೆಯದು ಎನ್ನುವ ಬದಲು ಏಳು ವರ್ಷ ಪಳಗಿದ್ದು ಎನ್ನಬಹುದಲ್ಲವೆ? ಅಕ್ಷರ ಅಳಿಸಿಹೋದ ಕೀಲಿಗಳು ಎಷ್ಟು ಮೆತ್ತಗಿದ್ದವು! ಜಾಹೀರಾತಿನಲ್ಲಿ ಇಪ್ಪತ್ತೆರಡು ಸಾವಿರ ಎಂದು ಹಾಕಿದರು. ಚೌಕಾಸಿಗೆ ಎರಡು ಸಾವಿರ ಸಡಿಲ.

ಕಾಲೇಜಿಗೆ ಹೋಗುವ ಮಗಳು ಮೊಬೈಲ್ ತಿರುಗಿಸಿ ತೋರಿಸಿದಳು. "ಅಪ್ಪಾ, ಇದೇ ಮಾಡೆಲ್ಲು, ಇಷ್ಟೇ ವರ್ಷ. ಎಂಟು ಸಾವಿರಕ್ಕೆ ಬಿದ್ದಿದೆ ನೋಡು."

"ಅದು ಬೇರೆಯವರದು ಕಣೇ."

"ಆದ್ರೇನು?"

"ಬೇರೆಯವರು ಹೇಗೆ ಇಟ್ಕೊಂಡಿರ್ತಾರೋ ಏನೋ."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಂತೆ ನಟಿಸಿದರು.

ಜಾಹೀರಾತಿಗೆ ಉತ್ತರಗಳೇನೋ ಬಂದವು. ಒಬ್ಬ ನಮಸ್ಕಾರವೂ ಇಲ್ಲದೆ "ಲಾಸ್ಟ್ ಎಷ್ಟು?" ಎಂದ. ಇನ್ನೊಬ್ಬ ಬದಲಿಗೆ ಸೈಕಲ್ ಕೊಡುತ್ತೇನೆಂದ, ಗೇರ್ ಇದೆಯಂತೆ. ಮೂರನೆಯವನು ಒಂದು ನಗುವ ಮುಖ ಮಾತ್ರ ಕಳಿಸಿದ. ತಿಂಗಳ ಕೊನೆ ಹತ್ತಿರವಾದಂತೆ ಸಾರ್‌ಗೆ ಊಟ ಸೇರದಾಯಿತು.

ಕೊನೆಗೊಂದು ಭಾನುವಾರ ಜಾಹೀರಾತು ನೋಡಿ ಔಷಧಿ ಅಂಗಡಿಯವರೊಬ್ಬರು ಬಂದರು. ದಪ್ಪ ಕನ್ನಡಕದ ಸಾಧು ಮನುಷ್ಯ. ಸಾರ್ ಬೆಳಿಗ್ಗೆಯಿಂದಲೇ ಚೌಕಾಸಿಗೆ ಸೊಂಟ ಕಟ್ಟಿ ಕೂತಿದ್ದರು. ಕಡಿಮೆ ಮಾಡಿ ಎಂದರೆ ಏನನ್ನಬೇಕು, ಎದ್ದು ಹೊರಟರೆ ಹೇಗೆ ತಡೆಯಬೇಕು, ಎಲ್ಲ ಕನ್ನಡಿಯ ಮುಂದೆ ಅಭ್ಯಾಸವಾಗಿತ್ತು. ಆದರೆ ಬಂದವರು ಚೌಕಾಸಿ ಮಾಡಲೇ ಇಲ್ಲ.

"ನನಗೆ ಈ ಯಂತ್ರಗಳ ತಲೆಬುಡ ಗೊತ್ತಿಲ್ಲ ಸಾರ್. ಅಂಗಡಿ ಲೆಕ್ಕಕ್ಕೆ ಒಂದು ಬೇಕು, ಅಷ್ಟೇ. ಇಪ್ಪತ್ತೆರಡು ತಂದಿದ್ದೀನಿ. ನೀವು ಸರ್ವೇಯರಂತೆ. ಒಂದ್ಸಲ ನೀವೇ ನೋಡಿ ಹೇಳಿಬಿಡಿ, ನೀವು ಹೇಳಿದ್ದೇ ರೇಟು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಚೆನ್ನಾಗಿದೆ ಎಂದು ಎರಡು ಪದ ಹೇಳಿದರೆ ಮುಗಿಯಿತು.

ಸಾರ್ ಬಾಯಿ ತೆರೆದರು. ಆದರೆ "ನೋಡಿ ಹೇಳಿ" ಎಂಬ ಮಾತು ಕಿವಿಗೆ ಬಿದ್ದಿತ್ತಲ್ಲ, ಕೈ ತಾನಾಗಿಯೇ ಜೇಬಿಗೆ ಹೋಯಿತು. ಟಾರ್ಚು ಹೊರಬಂತು. ಸೋಫಾದಿಂದ ಇಳಿದು ಮಂಡಿಯೂರಿದರು.

"ಹೊರಕವಚ ಪ್ಲಾಸ್ಟಿಕ್. ಇಲ್ಲಿ ನೋಡಿ, ಮೂಲೇಲಿ ಕೂದಲೆಳೆಯಷ್ಟು ಬಿರುಕು. ಒಂದ್ಸಲ ಕೆಳಗೆ ಬಿದ್ದಿದೆ."

"ಹೌದಾ?" ಎಂದರು ಔಷಧಿ ಅಂಗಡಿಯವರು, ಭಕ್ತಿಯಿಂದ.

ಹೆಂಡತಿ ಕೆಮ್ಮಿದರು.

"ಎಡಗಡೆ ಕೀಲು ಸಡಿಲ. ಬ್ಯಾಟರಿ ಅಂತೂ ಮುಕ್ಕಾಲು ಗಂಟೆ ಬಂದ್ರೆ ನಿಮ್ಮ ಪುಣ್ಯ."

"ರೀ, ಟೀ ಕುಡೀತೀರಾ?" ಹೆಂಡತಿಯ ದನಿ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು.

"ಆಮೇಲೆ. ಫ್ಯಾನಿನ ಸದ್ದು ಕೇಳಿ. ಒಳಗೆ ಏಳು ವರ್ಷದ ಧೂಳಿದೆ. ಇದನ್ನ ಇಟ್ಕೊಂಡವರು ಒಂದು ದಿನಾನೂ ಬಿಚ್ಚಿಸಿ ಒರೆಸಿಲ್ಲ. ಎಂಥ ಜನ ಇರ್ತಾರೋ!"

ವಾರಗಳಿಂದ ಸೊರಗಿದ್ದ ಮುಖದಲ್ಲಿ ಕಳೆ ಬಂದಿತ್ತು. ಸಾರ್ ಎದ್ದು ಮಂಡಿಯ ಧೂಳು ಕೊಡವಿ ತೀರ್ಪು ಕೊಟ್ಟರು. "ಏಳು ಸಾವಿರದ ಇನ್ನೂರು. ಅದರ ಮೇಲೆ ಬಿಡಿಗಾಸು ಕೊಟ್ರೂ ನೀವು ಟೋಪಿ ಹಾಕಿಸ್ಕೊಂಡ ಹಾಗೆ."

ಹೇಳಿ ಮುಗಿಸಿ ಟಾರ್ಚನ್ನು ಜೇಬಿಗೆ ಇಳಿಸಿದರು. ಆಗ ಅವರಿಗೆ ಲ್ಯಾಪ್‌ಟಾಪು ಯಾರದೆಂದು ನೆನಪಾಯಿತು.

"ಈ ಕಾಲದಲ್ಲಿ ನಿಮ್ಮಂಥವರು ಇದ್ದಾರಲ್ಲಾ!" ಎಂದು ಔಷಧಿ ಅಂಗಡಿಯವರು ಕೈ ಮುಗಿದು, ಹೇಳಿದಷ್ಟನ್ನೇ ಕೊಟ್ಟು, ಲ್ಯಾಪ್‌ಟಾಪಿನ ಜೊತೆ ಅದರ ಚೀಲವನ್ನೂ ಹೆಗಲಿಗೇರಿಸಿಕೊಂಡು ಹೋದರು.

ಮರುದಿನ ಹೆಂಡತಿ ತಮ್ಮ ಅಂಗಡಿಗೆ ಬೀಗ ಹಾಕಿ, ಗಂಡನನ್ನು ಬಳಸಿದ ಲ್ಯಾಪ್‌ಟಾಪು ಮಾರುವ ಮಳಿಗೆಯೊಂದಕ್ಕೆ ಕರೆದೊಯ್ದರು. ಹೊಸದರ ಆಸೆ ಅಲ್ಲಿಗೆ ಮುಗಿದಿತ್ತು. ಒಂದು ವರ್ಷ ಬಳಸಿದ್ದೊಂದನ್ನು ಮೇಜಿನ ಮೇಲೆ ಇಡಿಸಿ, "ಹೂಂ, ಈಗ ಬಾಯಿ ಬಿಡಿ," ಎಂದರು.

ಸಾರ್ ಬಾಯಿ ಬಿಟ್ಟರು. ಮಳಿಗೆಯವನು ಮೊದಲು ನಕ್ಕ, ಆಮೇಲೆ ಬೆವರಿದ, ಕೊನೆಗೆ ಬೇರೆ ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದಾರೆಂದು ಹೆದರಿ, "ಅಕ್ಕಾ, ನಿಮ್ಮ ಹತ್ರ ಎಷ್ಟಿದೆಯೋ ಅಷ್ಟು ಕೊಟ್ಟು ಮೊದಲು ಇವರನ್ನ ಕರ್ಕೊಂಡು ಹೋಗಿ," ಎಂದ.

ಹೊಸ ಸಾಫ್ಟ್‌ವೇರ್ ತಕರಾರಿಲ್ಲದೆ ಕೂತಿತು. ಕೆಲಸ ಉಳಿಯಿತು. ತಿಂಗಳ ಮೊದಲ ವಾರವೇ ಗುದ್ದಿಸಿಕೊಂಡ ಟ್ಯಾಕ್ಸಿಯೊಂದನ್ನು ನೋಡಲು ಕರೆ ಬಂತು. ಸಾರ್ ಹುರುಪಿನಿಂದ ಗ್ಯಾರೇಜಿಗೆ ಹೋಗಿ, ಮುರಿದ ಭಾಗಗಳ ಫೋಟೋ ಹಿಡಿದು, ಲ್ಯಾಪ್‌ಟಾಪಿನಲ್ಲಿ ಗಾಡಿಯ ವಯಸ್ಸು ಒತ್ತಿದರು. ಸವಕಳಿಯ ಖಾನೆ ತಾನೇ ತುಂಬಿಕೊಂಡಿತು. ಅಲ್ಲೊಂದು ಅಂಕಿ ತಿದ್ದಲು ಹೋದರು. ಸಾಫ್ಟ್‌ವೇರು ಕೈ ಹಾಕಲು ಬಿಡಲಿಲ್ಲ. ಉಳಿದಿದ್ದು "ಸರಿ" ಎಂಬ ಗುಂಡಿ, ಒತ್ತುವುದಕ್ಕೆ ಇವರು.

ಟ್ಯಾಕ್ಸಿಯವನು ಜಗಳಕ್ಕೆ ಸಿದ್ಧನಾಗಿ ತೋಳು ಮಡಚಿಕೊಂಡು ಬಂದ. "ಏನ್ಸಾರ್ ಇದು, ಇಷ್ಟು ಕಡಿದಿದ್ದೀರ?"

"ನಾನಲ್ಲಪ್ಪಾ. ಅದೇ ಹಾಕ್ಕೊಳ್ತು."

ಅವನು ಬಗ್ಗಿ ಪರದೆಯನ್ನು ನೋಡಿದ. ಅದಕ್ಕೂ ಅದನ್ನು ಮಾಡಿದವರಿಗೂ ಸೇರಿಸಿ ಎರಡು ಬೈದ. ಆಮೇಲೆ ಸಾರ್ ಕಡೆ ತಿರುಗಿದವನ ದನಿ ತಣ್ಣಗಾಗಿತ್ತು.

"ಪಾಪ, ನಿಮ್ಮ ಕೈಲಿ ಏನಿದೆ ಬಿಡಿ. ಬನ್ನಿ, ಟೀ ಕುಡಿಯೋಣ."

ಇಷ್ಟು ವರ್ಷ ಗ್ಯಾರೇಜುಗಳಲ್ಲಿ ಸಾರ್ ತಿನ್ನದ ಬೈಗುಳವಿರಲಿಲ್ಲ; ಒಂದೂ ಮೈಗೆ ಹತ್ತಿರಲಿಲ್ಲ. ಈ "ಪಾಪ" ಮಾತ್ರ ಟೀ ಮುಗಿದರೂ ಬಿಡದೆ ಹತ್ತಿಕೊಂಡಿತ್ತು.